ಹತ್ತೊಂಬತ್ತನೆಯ ಕಾಗದ

ಬೆಳಿಗ್ಗೆ ಎಂಟರ ಹೊತ್ತಿಗೆ ಕುರುಪ್ ಮೂರನೆಯ ಕತೆಗೆ ಬಂದಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಜಗಲಿಯ ಬೆತ್ತದ ಕುರ್ಚಿಯ ಬೆನ್ನು, ಅದರಾಚೆ ಚಾಚಿದ ಎರಡು ಪಾದ, ಆಗಾಗ ಹಾಳೆ ತಿರುವುವ ಒಂದು ಕೈ, ಇಷ್ಟೇ ಕಾಣುತ್ತಿತ್ತು. ದಾಕ್ಷಾಯಣಿ ಅಷ್ಟನ್ನೇ ನೋಡುತ್ತ ನಿಂತಿದ್ದಳು. ಅಕ್ಕಿಹಿಟ್ಟಿನ ಪುಟ್ಟು ಬೇಯುವ ಕೊಳವೆಯಿಂದ ಆವಿ ಎದ್ದು ಎಷ್ಟೋ ಹೊತ್ತಾಗಿತ್ತು, ಕಡಲೆ ತಳ ಹಿಡಿಯುವ ವಾಸನೆಯೂ ಬರುತ್ತಿತ್ತು. ಅವನ ಕೈಲಿದ್ದ ಪುಸ್ತಕ ಅವಳು ಬರೆದದ್ದು. ಅದು ಅಚ್ಚಾಗಿ ಬಂದು ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಅವನು ಅದನ್ನು ಮುಟ್ಟಿದ್ದು ಬಂದವರಿಗೆ ತೋರಿಸುವುದಕ್ಕೆ ಮಾತ್ರ. 'ನಮ್ಮಾಕೆ ಬರೆದದ್ದು' ಎಂದು ರಕ್ಷಾಪುಟ ತೋರಿಸಿ, 'ನನಗೆ ಸಮುದ್ರದ ನಕ್ಷೆ ಓದೋದು ಗೊತ್ತು, ಕತೆ ಓದೋದು ಗೊತ್ತಿಲ್ಲಪ್ಪ' ಎಂದು ನಕ್ಕು, ಮತ್ತೆ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದ. ಅವಳಿಗೂ ಅದು ಹಿತವಾಗಿಯೇ ಇತ್ತು. ಓದದ ಗಂಡ ಬರೆಯುವ ಹೆಂಗಸಿಗೆ ದೇವರು ಕೊಟ್ಟ ವರ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು. ಆದರೆ ಇವತ್ತು ನಾಲ್ಕು ಗಂಟೆಗೆ ಎರ್ನಾಕುಳಂನ ವಾಚನಾಲಯದ ಸಭಾಂಗಣದಲ್ಲಿ ಆ ಪುಸ್ತಕಕ್ಕೆ ಬಹುಮಾನ ಕೊಡುತ್ತಾರೆ. ಗಂಡನಾದವನು ಮುಂದಿನ ಸಾಲಿನಲ್ಲಿ ಕೂರಬೇಕು, ಯಾರಾದರೂ ಏನಾದರೂ ಕೇಳಿದರೆ ಬಾಯಿ ಬಾಯಿ ಬಿಡಬಾರದು. ಅದಕ್ಕೆ ನಿವೃತ್ತ ಕಮಾಂಡರ್ ಕುರುಪ್ ಆರು ಗಂಟೆಗೇ ಗಡ್ಡ ಹೆರೆದುಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು, ಹಡಗಿನ ನಿಯಮಾವಳಿ ಓದುವ ಹಾಗೆ ಮೊದಲ ಪುಟದಿಂದ ಶುರುಮಾಡಿದ್ದ. ಐದನೆಯ ಕತೆ 'ಅಗಲದ ಹಾಸಿಗೆ'. ಅವನು ಓದುವ ಗತಿ ನೋಡಿದರೆ ಹತ್ತೂವರೆಗೆ ಅಲ್ಲಿಗೆ ಬರಬಹುದು ಎಂದು ಅವಳು ಅಂದಾಜು ಮಾಡಿದಳು.

"ದಾಕ್ಷಿ," ಎಂದು ಜಗಲಿಯಿಂದ ಕೂಗಿದ. "ಈ ಕತೇಲಿರೋ ಅಮ್ಮಾಯಿ, ಈ ಅತ್ತೆ ಯಾರು? ನಿಮ್ಮ ದೊಡ್ಡಮ್ಮನ ಹಾಗಿದಾಳಲ್ಲ."

"ಯಾರೂ ಅಲ್ಲ. ಕತೆ ಅದು."

"ಮೂಗಿನ ಮೇಲಿನ ನರುಲಿ ಸಮೇತ ತಂದು ಕೂರಿಸಿದೀಯ, ಯಾರೂ ಅಲ್ಲ ಅಂತೀಯ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಉತ್ತರ ಕೊಡದೆ ಒಳಗೆ ಹೋಗಿ ಪುಟ್ಟನ್ನು ತಟ್ಟೆಗೆ ದೂಡಿದಳು. ಅದು ಮೂರು ತುಂಡಾಗಿ ಬಿತ್ತು. ನರುಲಿ ಗುರುತಿಸಿದವನು ಉಳಿದದ್ದನ್ನು ಬಿಡುತ್ತಾನೆಯೇ.

ನೌಕಾಪಡೆಯ ಹೆಂಡಂದಿರು ಕಾಗದಕ್ಕೆ ನಂಬರು ಹಾಕುತ್ತಾರೆ. ಮದುವೆಯಾಗಿ ಮೊದಲ ಸಲ ಕ್ವಾರ್ಟರ್ಸಿಗೆ ಬಂದಾಗ ಮೀನು ಎಲ್ಲಿ ಸಿಗುತ್ತದೆ ಎಂದು ಹೇಳುವ ಮೊದಲೇ ಪಕ್ಕದ ಮನೆಯಾಕೆ ಹೇಳಿಕೊಟ್ಟದ್ದು ಅದನ್ನೇ. ಲಕೋಟೆಯ ಎಡಮೂಲೆಯಲ್ಲಿ ಒಂದು, ಎರಡು, ಮೂರು. ಟಪಾಲು ಹಡಗನ್ನು ಹುಡುಕಿಕೊಂಡು ಬಂದರಿನಿಂದ ಬಂದರಿಗೆ ಅಲೆದು, ತಿಂಗಳಾದ ಮೇಲೆ ಒಂದೇ ದಿನ ಹದಿನೈದು ಕಾಗದ ರಾಶಿ ಬೀಳುತ್ತದೆ. ಮಗುವಿಗೆ ಜ್ವರ ಬಿಟ್ಟ ಕಾಗದವನ್ನು ಮೊದಲು ಓದಿ, ಜ್ವರ ಬಂದ ಕಾಗದವನ್ನು ಆಮೇಲೆ ಓದಿದರೆ ನಡುನೀರಿನಲ್ಲಿ ಗಂಡಸಿನ ಗತಿ ಏನು. ಕುರುಪ್ ಶಿಸ್ತಿನ ಮನುಷ್ಯ, ನಂಬರಿನ ಪ್ರಕಾರ ಜೋಡಿಸಿಕೊಂಡು ದಿನಕ್ಕೆ ಎರಡರಂತೆ ಮಾತ್ರ ಒಡೆಯುತ್ತಿದ್ದ. ಅವನ ಉತ್ತರದ ಮೊದಲ ಸಾಲು ಯಾವಾಗಲೂ ಒಂದೇ: ನಿನ್ನ ಇಂತಿಂಥ ನಂಬರಿನಿಂದ ಇಂತಿಂಥ ನಂಬರಿನವರೆಗೆ ತಲುಪಿತು. ಹದಿನೇಳು ವರ್ಷದ ಹಿಂದೆ, ಮಗಳು ಶ್ಯಾಮ ನಾಲ್ಕು ವರ್ಷದವಳಾಗಿದ್ದಾಗ, ಹಡಗು ಹೊರಟು ಮೂರನೆಯ ತಿಂಗಳಲ್ಲಿ, ಅವಳು ಹತ್ತೊಂಬತ್ತನೆಯ ಕಾಗದ ಬರೆದಿದ್ದಳು. ಮಧ್ಯಾಹ್ನ ಮಗು ಮಲಗಿತ್ತು. ಅವಳು ಅಡ್ಡಡ್ಡ ಮಲಗಿ, ಒಂದು ಕಾಲನ್ನು ಅವನ ಕಡೆಯ ದಿಂಬಿನ ಮೇಲೆ ಹಾಕಿ, ಹುಣಿಸೆಹಣ್ಣು ಚೀಪುತ್ತ ವಾರಪತ್ರಿಕೆ ಓದುತ್ತಿದ್ದಳು. ಓದುತ್ತ ಓದುತ್ತ ಸುಖವಾಗಿದೆ ಅನ್ನಿಸಿತು. ಯಾಕೆ ಸುಖವಾಗಿದೆ ಎಂದು ಹುಡುಕಿ ನೋಡಿದಳು. ಅವನಿಲ್ಲ, ಅದಕ್ಕೆ. ಎದ್ದು ಕೂತು ಅದನ್ನೇ ಬರೆದಳು. ಜೆಟ್ಟಿಯ ಮೇಲೆ ನಿಂತು ಎಲ್ಲರ ಜೊತೆ ತಾನೂ ಅತ್ತದ್ದು, ಆಮೇಲೆ ಮನೆಗೆ ಬಂದು ಬಾಗಿಲು ಹಾಕಿದಾಗ ಮನೆ ದೊಡ್ಡದಾಗಿ ಕಂಡದ್ದು, ಹಸಿವಾದಾಗ ಉಂಡದ್ದು, ದೀಪ ಆರಿಸು ಎಂದು ಹೇಳುವವರಿಲ್ಲದ್ದು, ಹಾಸಿಗೆ ಅಗಲವಾಗಿರುವುದು. ನೀವು ಬಂದರೆ ಸಂತೋಷ, ಬರದಿದ್ದರೂ ನಡೆಯುತ್ತದೆ ಎಂದು ಇವತ್ತು ಗೊತ್ತಾಯಿತು. ಹನ್ನೊಂದು ಪುಟ. ಅಲ್ಲಿಯತನಕ ಅವಳು ಬರೆದ ಹದಿನೆಂಟು ಕಾಗದದಲ್ಲೂ ಮಗು, ಮಳೆ, ಮಾವನವರ ಕೆಮ್ಮು ಇದ್ದವು, ಅವಳು ಇರಲಿಲ್ಲ. ಅಂಟು ಹಚ್ಚಿ, ಮೂಲೆಯಲ್ಲಿ ಹತ್ತೊಂಬತ್ತು ಎಂದು ಬರೆದಳು. ನಾಳೆ ಕಳಿಸೋಣ ಎಂದು ಅಡುಗೆಮನೆಯ ಗೂಡಿನಲ್ಲಿ ಹಾಸಿದ ಹಳೇ ಪೇಪರಿನ ಕೆಳಗೆ ಇಟ್ಟಳು. ನಾಳೆ ಬರಲಿಲ್ಲ. ಶ್ಯಾಮಳಿಗೆ ಗಂಟಲು ನೋವು ಬಂತು, ಗಡಿಬಿಡಿಯಲ್ಲಿ ಒಂದು ಗೀಚಿ, ಹತ್ತೊಂಬತ್ತು ಇದೆಯಲ್ಲ ಎಂದು ಅದಕ್ಕೆ ಇಪ್ಪತ್ತು ಎಂದು ಹಾಕಿ ಕಳಿಸಿದಳು.

ಆರು ವಾರಕ್ಕೆ ಅವನ ಉತ್ತರ ಬಂತು. ಹದಿನೆಂಟು ತಲುಪಿತು, ಇಪ್ಪತ್ತು ತಲುಪಿತು, ಹತ್ತೊಂಬತ್ತು ಎಲ್ಲಿ? ಬರೆಯಲಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಮುಗಿದುಹೋಗುತ್ತಿತ್ತು. ನಂಬರು ತಪ್ಪಿದೆ ಎಂದರೂ ಸಾಕಿತ್ತು. ಆದರೆ ತಪ್ಪು ನಂಬರು ಹಾಕುವ ಹೆಂಡತಿ ಎಂದು ಅವನ ಬಾಯಲ್ಲಿ ಅನ್ನಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಕಳಿಸಿದ್ದೇನೆ ಎಂದು ಬರೆದಳು. ಬರೆದದ್ದನ್ನು ಓದಿದರೆ ತೆಳ್ಳಗೆ ಕಂಡಿತು, ನಂಬುವ ಹಾಗಿರಲಿಲ್ಲ. ಅದಕ್ಕೆ ಮುಂದುವರಿಸಿದಳು: ಗುರುವಾರ ಹತ್ತೂವರೆಗೆ ಟಪಾಲು ಒಯ್ಯುವ ನಾವಿಕ ಔಸೇಪ್ ಬಂದ, ಸೈಕಲ್ಲನ್ನು ದಾಸವಾಳದ ಬೇಲಿಗೆ ಒರಗಿಸಿದ, ಬಲಗೈಗೆ ಗಾಯವಾಗಿದ್ದರಿಂದ ಎಡಗೈಯಲ್ಲಿ ಇಸಿದುಕೊಂಡ, ನನ್ನ ಕಣ್ಣೆದುರೇ ಚೀಲಕ್ಕೆ ಹಾಕಿದ. ಬರೆಯುವಾಗ ಅವಳಿಗೇ ಅದೆಲ್ಲ ಕಣ್ಣಿಗೆ ಕಟ್ಟಿತು. ಎಡಗೈಯ ಮಾತು ಬಂದಾಗ ಒಳಗೆ ಏನೋ ಜುಮ್ಮೆಂದಿತು. ಅವಳು ಬರೆದ ಮೊದಲ ಕಟ್ಟುಕತೆ ಅದು, ಮತ್ತು ಅದನ್ನು ಓದಿದವರೆಲ್ಲ ನಂಬಿದರು. ಕುರುಪ್ ನಂಬಿದ, ಹಡಗಿನಿಂದಲೇ ದೂರು ಬರೆದ. ದಡದ ಟಪಾಲು ಕಚೇರಿಯ ಅಧಿಕಾರಿ ನಂಬಿದ. ಇಷ್ಟು ಸ್ಪಷ್ಟವಾಗಿ ಹೇಳುವ ಆಫೀಸರರ ಹೆಂಡತಿಯ ಮಾತಿಗಿಂತ ಇಪ್ಪತ್ನಾಲ್ಕು ವರ್ಷದ ನಾವಿಕನ ಮಾತು ದೊಡ್ಡದೇ? ಔಸೇಪ್‌ನ ಹದಿನಾಲ್ಕು ದಿನದ ರಜೆ ಹೋಯಿತು. ಆ ಹದಿನಾಲ್ಕು ದಿನದೊಳಗೆ ಅವನ ತಂಗಿಯ ಮದುವೆ ಇತ್ತು.

ಇದನ್ನು ಅವಳಿಗೆ ಹೇಳಿದವನು ಔಸೇಪ್‌ನೇ. ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತು, 'ನಿಮ್ಮ ಕಾಗದ ಕಳೆದುಹೋಯ್ತಂತಲ್ಲ ಮೇಡಮ್, ನನ್ನಿಂದ ಹೇಗಾಯ್ತೋ ಗೊತ್ತಿಲ್ಲ, ತಪ್ಪಾಯ್ತು' ಎಂದ. ಅವಳು ಒಳಗೆ ಹೋಗಿ ಅವನಿಗೆ ನಿಂಬೆಹಣ್ಣಿನ ಪಾನಕ ತಂದುಕೊಟ್ಟಳು. ಅವನು ಗುಟುಕು ಗುಟುಕಾಗಿ ಕುಡಿದು, ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದ. ಹದಿನೇಳು ವರ್ಷದಲ್ಲಿ ಅವಳು ಏನೇನೋ ಮರೆತಿದ್ದಾಳೆ, ತನ್ನ ತಾಯಿಯ ದನಿಯನ್ನೇ ಮರೆತಿದ್ದಾಳೆ. ಆ ಲೋಟ ಮಾತ್ರ ಈಗಲೂ ಕಣ್ಣಿನಲ್ಲಿ ಬೋರಲಾಗಿಯೇ ಇದೆ.

ಹತ್ತೂವರೆಗೆ ಜಗಲಿಯಲ್ಲಿ ಪೆನ್ಸಿಲ್ಲಿನ ಸದ್ದು ನಿಂತಿತು. ಅವಳು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಬಿಳಿ ಬಣ್ಣದ ಕೈಮಗ್ಗದ ಸೀರೆ, ಹಸಿರು ಅಂಚು. ಸೆರಗನ್ನು ಒಂದು ಸಲ, ಎರಡು ಸಲ, ಮೂರನೆಯ ಸಲ ತಿಕ್ಕಿದಳು. 'ಅಗಲದ ಹಾಸಿಗೆ' ಎಂದರೆ ಆ ಹನ್ನೊಂದು ಪುಟವೇ. ಶ್ಯಾಮ ಕಾಲೇಜಿಗೆ ಹೋದ ಮೇಲೆ ಹಳದಿಯಾದ ಹಾಳೆಗಳನ್ನು ತೆಗೆದು, ಹೆಸರು ಬದಲಿಸಿ, ಎರಡು ತಿಂಗಳು ತಿದ್ದಿ ವಾರಪತ್ರಿಕೆಗೆ ಕಳಿಸಿದ್ದಳು. ಅದು ಬಂದ ವಾರ ಎಲ್ಲೆಲ್ಲಿಂದಲೋ ಹೆಂಗಸರು ಬರೆದಿದ್ದರು. ಕೊಲ್ಲಿಯಲ್ಲಿ ಗಂಡ ಇರುವವಳು, ಸೈನ್ಯದಲ್ಲಿ ಗಂಡ ಇರುವವಳು, ಗಂಡ ಪಕ್ಕದಲ್ಲೇ ಮಲಗಿರುವವಳು. ಎಲ್ಲರೂ ಒಂದೇ ಮಾತು, ನನ್ನ ಮನಸ್ಸಿನದು ನಿಮಗೆ ಹೇಗೆ ತಿಳಿಯಿತು ಚೇಚಿ ಎಂದು, ಸ್ವಂತ ಅಕ್ಕನನ್ನು ಕೇಳುವ ಹಾಗೆ. ಆ ಕಾಗದಗಳನ್ನು ಓದುವಾಗ ಅವಳಿಗೆ ತಾನು ಒಂದು ಹಡಗಿನಷ್ಟು ದೊಡ್ಡವಳಾದ ಹಾಗೆ ಅನ್ನಿಸುತ್ತಿತ್ತು, ಮತ್ತು ಪ್ರತಿ ಸಲವೂ ಅದರ ಹಿಂದೆಯೇ ಔಸೇಪ್‌ನ ಮುಖ ಬರುತ್ತಿತ್ತು. ಕತೆಯಲ್ಲಿ ಅವನಿಲ್ಲ. ಕತೆಯ ಹೆಂಗಸು ಕಾಗದ ಬರೆಯುತ್ತಾಳೆ, ಅಂಟು ಹಚ್ಚುತ್ತಾಳೆ, ಗೂಡಿನಲ್ಲಿ ಇಡುತ್ತಾಳೆ, ಕಿಟಕಿ ತೆರೆದು ನೋಡುತ್ತಾಳೆ. ಮುಗಿಯಿತು. ಧೈರ್ಯದ ಕತೆ ಎಂದು ಬಹುಮಾನದ ಸಮಿತಿಯವರು ಬರೆದಿದ್ದರು. ಧೈರ್ಯ ಎಂಬ ಆ ಶಬ್ದ ಓದಿದ ದಿನ ಅವಳಿಗೆ ಊಟ ಸೇರಿರಲಿಲ್ಲ.

ಬರೆಯುವ ವಿಷಯಕ್ಕೆ ಅವಳು ಅವಮಾನ ಪಟ್ಟದ್ದೇನು ಕಡಿಮೆಯೇ. ಹೆಂಗಸರ ಸಭೆಯಲ್ಲಿ ಗಂಡನ ಪದವಿ ನೋಡಿ ಕುರ್ಚಿ ಹಾಕುತ್ತಿದ್ದರು; ಲೆಫ್ಟಿನೆಂಟನ ಹೆಂಡತಿ ಫ್ಯಾನಿನ ಗಾಳಿ ತಾಗದ ಕಡೆ ಕೂತು, ಕ್ಯಾಪ್ಟನ್ನರ ಹೆಂಡತಿ ನಕ್ಕಮೇಲೆ ನಗಬೇಕು. ಒಂದು ಸಲ ಆ ಕ್ಯಾಪ್ಟನ್ನರ ಹೆಂಡತಿ ಮಿಸೆಸ್ ಖುರಾನಾ ಎಲ್ಲರ ಹವ್ಯಾಸ ಕೇಳುತ್ತ ಬಂದರು. ಒಬ್ಬಳು ಕಸೂತಿ ಎಂದಳು, ಒಬ್ಬಳು ಕೇಕ್ ಎಂದಳು. ದಾಕ್ಷಾಯಣಿ ಬರೆಯುತ್ತೇನೆ ಎಂದಳು. 'ಅಯ್ಯೋ ಎಷ್ಟು ಚೆನ್ನಾಯ್ತು, ಶನಿವಾರದ ಪಾರ್ಟಿಗೆ ಕುರ್ಚಿಗೆ ಅಂಟಿಸೋ ಚೀಟಿಗಳನ್ನ ನೀವೇ ಬರೆದುಬಿಡಿ' ಎಂದರು ಆಕೆ, ಏನೂ ಕೆಟ್ಟ ಮನಸ್ಸಿಲ್ಲದೆ. ಅರವತ್ತು ಚೀಟಿ ಬರೆದಳು. ಮಿಸೆಸ್ ಇಂಥವರು, ಮಿಸೆಸ್ ಅಂಥವರು. ಅರವತ್ತರಲ್ಲಿ ಒಬ್ಬ ಹೆಂಗಸಿನ ಸ್ವಂತ ಹೆಸರೂ ಇರಲಿಲ್ಲ, ತನ್ನದೂ. ಅವಳ ಕೈಬರಹವನ್ನು ಎಲ್ಲರೂ ಹೊಗಳಿದರು. ಆ ಸಿಟ್ಟಿನಲ್ಲಿ ಮನೆಗೆ ಬಂದು ಮೂರು ರಾತ್ರಿ ಮೂರು ಬೆಳಗು ಕೂತು ಬರೆದದ್ದು ಪುಸ್ತಕದ ಎರಡನೆಯ ಕತೆ. ಅದರ ಮಟ್ಟಿಗೆ ಮಿಸೆಸ್ ಖುರಾನಾಗೆ ಅವಳು ಋಣಿ.

ಕುರುಪ್ ಜಗಲಿಯಿಂದ ಎದ್ದು ಬಂದ. ಪುಸ್ತಕ ಮೇಜಿನ ಮೇಲಿಟ್ಟ. ಇಸ್ತ್ರಿಯ ಕಡೆ ನೋಡಿ, "ಅಂಚು ಸುಟ್ಟೀತು," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ. ಊಟಕ್ಕೆ ಕೂತಾಗ ಕರಿಮೀನಿನ ಮುಳ್ಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟ. ಇನ್ನಷ್ಟು ಮೀನು ಬೇಕೆ ಎಂದರೆ ಸಾಕು ಎಂದ. ಮಜ್ಜಿಗೆ ಬೇಕೆ ಎಂದರೆ ಹ್ಞೂಂ ಎಂದ. ಇಷ್ಟು ವರ್ಷದಲ್ಲಿ ಅವನ ಮೌನದ ಬಗೆಗಳನ್ನೆಲ್ಲ ಅವಳು ಬಲ್ಲಳು. ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದು ಅವಳಿಗೆ ಹೆದರಿಕೆಯಾಯಿತು. ಅವನಿಗೆ ಗೊತ್ತಿಲ್ಲದ ಇನ್ನೊಂದು ವಿಷಯವೂ ಇತ್ತು. ಕಳೆದ ತಿಂಗಳು ವೈಪ್ಪಿನ್‌ನಲ್ಲಿ ಬಲೆ, ಹಗ್ಗ ಮಾರುವ ಒಂದು ಅಂಗಡಿಯಲ್ಲಿ ಔಸೇಪ್‌ನನ್ನು ಅವಳು ಕಂಡಿದ್ದಳು, ಬಸ್ಸಿನ ಕಿಟಕಿಯಿಂದ. ತಲೆ ಬೋಳಾಗಿತ್ತು, ಮುಖ ಅದೇ. ಅಂಗಡಿಯ ಹೆಸರು ಓದಿಕೊಂಡು ಬಂದು ಆಹ್ವಾನಪತ್ರಿಕೆ ಅಂಚೆಗೆ ಹಾಕಿದ್ದಳು. ಹಿಂಬದಿಯಲ್ಲಿ, ನೀವು ಬರಲೇಬೇಕು, ನಿಮಗೆ ಸಂಬಂಧಪಟ್ಟ ಮಾತು ಒಂದಿದೆ ಎಂದು ಬರೆದಿದ್ದಳು. ಆಗ ಅವನನ್ನು ನೀನು ಎನ್ನುತ್ತಿದ್ದಳು; ನೀವು ಎಂದು ಬರೆಯಲು ಹದಿನೇಳು ವರ್ಷ ಹಿಡಿಯಿತು. ಹಾಕಿದ ಮರುಗಳಿಗೆಯೇ ಅಂಚೆಪೆಟ್ಟಿಗೆಯ ಬಾಯಿಗೆ ಕೈ ಹಾಕಿ ತೆಗೆಯಲಾಗುತ್ತದೆಯೇ ಎಂದು ನೋಡಿದ್ದಳು. ಬಂದರೆ ಹೇಳಬೇಕು. ಬರದಿದ್ದರೆ? ಬರದಿದ್ದರೂ ಹೇಳುತ್ತೇನೆ ಎಂದು ಬೆಳಗಿನ ಹೊತ್ತು ಅನ್ನಿಸುತ್ತಿತ್ತು, ಸಂಜೆ ಹೊತ್ತಿಗೆ ಬರದಿದ್ದರೆ ಸಾಕಪ್ಪ ಎನ್ನಿಸುತ್ತಿತ್ತು.

ಎರಡೂಮುಕ್ಕಾಲಿನ ಬೋಟು ಹತ್ತಿದರು. ಫೋರ್ಟ್ ಕೊಚ್ಚಿಯ ಕಡೆಯಿಂದ ಹೊರಟ ಬೋಟಿನಲ್ಲಿ ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಕೊಡೆ ಮಡಿಸದ ಒಬ್ಬ ಪಾದ್ರಿ. ಕುರುಪ್ ಎಂದಿನಂತೆ ಚುಕ್ಕಾಣಿ ಹಿಡಿದವನನ್ನೇ ನೋಡುತ್ತ ನಿಂತಿದ್ದ. ಬೇರೆ ದಿನವಾಗಿದ್ದರೆ 'ಇವನಿಗೆ ಎಮ್ಮೆ ಹೊಡೆಯೋಕೂ ಬರಲ್ಲ' ಎಂದು ಒಂದು ಮಾತು ಬರಬೇಕಿತ್ತು. ನೌಕಾನೆಲೆಯ ಬೂದುಬಣ್ಣದ ಹಡಗುಗಳು ಬಲಕ್ಕೆ ಸರಿದುಹೋದವು. ಆಗ ಅವನು ಅವಳ ಪಕ್ಕ ಬಂದು ಕೂತ.

"ಕತೆ ಚೆನ್ನಾಗಿದೆ."

"ಯಾವುದು?"

"ಯಾವುದು ಅಂತ ನಿನಗೆ ಗೊತ್ತು." ಅವನು ಕೈ ಎರಡನ್ನೂ ಮಂಡಿಯ ಮೇಲಿಟ್ಟುಕೊಂಡ. "ಕಾಗದದಲ್ಲಿ ಇನ್ನೂ ಚೆನ್ನಾಗಿತ್ತು. ಹುಣಿಸೆಹಣ್ಣಿನ ಮಾತನ್ನ ಯಾಕೆ ತೆಗೆದೆ?"

ಬೋಟಿನ ಇಂಜಿನ್ನಿನ ಸದ್ದು ಅವಳ ಕಿವಿಯೊಳಗೇ ನಡೆಯುತ್ತಿದ್ದ ಹಾಗಿತ್ತು. ಹುಣಿಸೆಹಣ್ಣು ಕತೆಯಲ್ಲಿ ಇರಲಿಲ್ಲ. ಕಾಗದದಲ್ಲಿ ಮಾತ್ರ ಇತ್ತು.

"ಯಾವಾಗ ಓದಿದ್ರಿ?"

"ವಿಶಾಖಪಟ್ಟಣಕ್ಕೆ ವರ್ಗ ಆದಾಗ, ಸಾಮಾನು ಕಟ್ಟೋವಾಗ. ಗೂಡಿನ ಪೇಪರ್ ತೆಗೆದೆ, ಇತ್ತು. ನನ್ನ ಹೆಸರಿಗಿದ್ದ ಕಾಗದ, ಒಡೆದು ಓದಿದೆ. ಮತ್ತೆ ಅಂಟಿಸಿ ಇಟ್ಟೆ."

"ಹನ್ನೆರಡು ವರ್ಷ ಆಯ್ತು."

"ಹದಿಮೂರು."

ಅವನ ಮೇಲೆ ಸಿಟ್ಟು ಬಂತು, ಆಮೇಲೆ ಕನಿಕರ ಬಂತು, ಎರಡೂ ಒಂದರ ಕಾಲು ಒಂದು ತುಳಿದುಕೊಂಡು ನಿಂತವು. ನೀವು ಬರದಿದ್ದರೂ ನಡೆಯುತ್ತದೆ ಎಂಬ ಸಾಲನ್ನು ಓದಿದ ಮೇಲೂ ಈ ಮನುಷ್ಯ ಹದಿಮೂರು ವರ್ಷ ಅದೇ ಹಾಸಿಗೆಯ ಅಂಚಿನಲ್ಲಿ, ಅವಳಿಗೆ ಜಾಗ ಬಿಟ್ಟು, ಮೈ ಹಿಡಿ ಮಾಡಿಕೊಂಡು ಮಲಗಿದ್ದಾನೆ. ಅವನು ಅಂಚಿಗೆ ಸರಿದದ್ದನ್ನು ಅವಳು ವಯಸ್ಸು ಎಂದುಕೊಂಡಿದ್ದಳು. ಆಮೇಲೆ ಇನ್ನೊಂದು ನೆನಪಾಯಿತು.

"ಹಾಗಾದ್ರೆ ಔಸೇಪ್ ಕಳೆದಿಲ್ಲ ಅಂತ ನಿಮಗೆ ಗೊತ್ತಿತ್ತು."

ಕುರುಪ್ ನೀರು ನೋಡಿದ. "ಗೊತ್ತಿತ್ತು."

"ಸುಮ್ಮನಿದ್ರಿ."

"ನೀನು ಸುಮ್ಮನಿರಲಿಲ್ವಾ? ದೂರು ಕೊಟ್ಟವನು ನಾನು, ಸಹಿ ನನ್ನದು. ಬೆಳಗಾದರೆ ಕೆಳಗಿನವರಿಗೆ ನ್ಯಾಯ ನೀತಿ ಅಂತ ಹೇಳ್ತಿದ್ದವನು ನಾನು. ನನ್ನ ಹೆಂಡತಿ ಸುಳ್ಳು ಬರೆದಿದ್ಲು, ನಾನು ನಂಬಿಬಿಟ್ಟೆ ಅಂತ ಯಾವ ಮುಖ ಇಟ್ಕೊಂಡು ಹೇಳಲಿ?" ಅವನು ದನಿ ತಗ್ಗಿಸಿದ. "ನೋಡು ದಾಕ್ಷಿ. ಇವತ್ತು ಆ ಕತೆ ಓದು. ಚೆನ್ನಾಗಿ ಓದು. ಹಾಸಿಗೆ ವಿಷಯ ನಾಲ್ಕು ಜನ ಕೇಳ್ಲಿ, ನನಗೇನಿಲ್ಲ, ಅದನ್ನ ನಾನು ಅರಗಿಸ್ಕೊಂಡಾಗಿದೆ. ಆದ್ರೆ ಅವನ ಸುದ್ದಿ ಎತ್ತಬೇಡ. ನನಗೆ ಉಳಿದಿರೋದು ಹೆಸರೊಂದು."

"ಅವನನ್ನ ಕರೆದಿದೀನಿ."

ಬೋಟು ಎರ್ನಾಕುಳಂ ಜೆಟ್ಟಿಯ ಟೈರುಗಳಿಗೆ ಧಡ್ ಎಂದು ಬಡಿಯಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಕುರುಪ್ ಚುಕ್ಕಾಣಿಯವನ ಕಡೆ ತಿರುಗಿಯೂ ನೋಡಲಿಲ್ಲ.

ಸಭಾಂಗಣದಲ್ಲಿ ಇನ್ನೂರು ಜನ ಇದ್ದಿರಬೇಕು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಅಧ್ಯಕ್ಷರಾದ ರಾಮನುಣ್ಣಿ ಮಾಸ್ಟರ್ ಎಪ್ಪತ್ತು ದಾಟಿದ ಶಾಲಾ ಮೇಷ್ಟ್ರು. ಅವರು ಕರೆತಂದು ವೇದಿಕೆಯ ಮೇಲೆ ಕೂರಿಸಿದಾಗ ಅವಳು ಮೊದಲು ನೋಡಿದ್ದು ಫ್ಯಾನು. ಅದು ನೇರ ಅವಳ ತಲೆಯ ಮೇಲೆಯೇ ತಿರುಗುತ್ತಿತ್ತು. ಕುರ್ಚಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 'ದಾಕ್ಷಾಯಣಿ' ಎಂದಷ್ಟೇ ಇತ್ತು. ಮುಂದಿನ ಸಾಲಿನಲ್ಲಿ ಕುರುಪ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಯಾರೋ ಅವನಿಗೆ 'ಲೇಖಕಿಯ ಯಜಮಾನರು' ಎಂದು ಹೇಳಿ ಹೂವು ಕೊಟ್ಟಿದ್ದರು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡಿದ್ದ. ಅವಳು ಸಾಲು ಸಾಲಾಗಿ ನೋಡುತ್ತ ಹೋದಳು. ಕೊನೆಯ ಸಾಲಿನ ಹಿಂದೆ, ಕುರ್ಚಿ ಖಾಲಿ ಇದ್ದರೂ ಕೂರದೆ, ಗೋಡೆಗೆ ಒರಗದೆ, ಕೈ ಹಿಂದೆ ಕಟ್ಟಿ ಔಸೇಪ್ ನಿಂತಿದ್ದ. ಈ ಮನುಷ್ಯನಿಗೆ ಬರದೆ ಇರುವ ಬುದ್ಧಿ ಬರಬಾರದಿತ್ತೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ.

ಕತೆ ಓದಿದಳು. ದನಿ ಮೊದಲು ನಡುಗಿತು, ಎರಡನೆಯ ಪುಟದಲ್ಲಿ ಸರಿಹೋಯಿತು. ಹೆಂಗಸರು ನಗಬೇಕಾದ ಕಡೆ ನಕ್ಕರು. ಬಾಗಿಲು ಹಾಕಿದಾಗ ಮನೆ ದೊಡ್ಡದಾಗಿ ಕಂಡಿತು ಎಂಬಲ್ಲಿ ನಗು ನಿಂತುಹೋಯಿತು. ನಾಲ್ಕನೆಯ ಸಾಲಿನಲ್ಲಿ ಒಬ್ಬ ಮುದುಕಿ ಪಕ್ಕದವಳ ಕೈ ಹಿಡಿದುಕೊಂಡಳು. ಕಿಟಕಿ ತೆರೆದು ನೋಡಿದಳು ಎಂದು ಓದಿ ಮುಗಿಸಿದಾಗ ಚಪ್ಪಾಳೆ ಎದ್ದಿತು. ಇಲ್ಲಿ ಕೂತುಬಿಡಬಹುದು. ಕೂತರೆ ಬಹುಮಾನ, ಶಾಲು, ಚಹಾ, ಬೋಟು, ಮನೆ. ಕೂತರೆ ಇನ್ನು ಬರೆಯುವುದೆಲ್ಲ ಆ ಎಡಗೈಯ ಹಾಗೆಯೇ ಇರುತ್ತದೆ, ಜುಮ್ಮೆನ್ನುತ್ತದೆ, ಎಲ್ಲರೂ ನಂಬುತ್ತಾರೆ. ಅವಳು ಚಪ್ಪಾಳೆ ನಿಲ್ಲುವವರೆಗೆ ಕಾದಳು.

"ಕತೆ ಇಲ್ಲಿಗೆ ಮುಗಿಯೋದಿಲ್ಲ," ಎಂದಳು. "ಇದರಲ್ಲಿ ಇನ್ನೊಬ್ಬ ಇದ್ದ. ನಾನು ಅವನನ್ನ ಬಿಟ್ಟುಬಿಟ್ಟೆ."

ಹೇಳಿದಳು. ನಂಬರಿನ ಮಾತು, ಗೂಡಿನ ಮಾತು, ಕಳಿಸಿದ್ದೇನೆ ಎಂದು ಬರೆದ ಮಾತು. ಅದು ತೆಳ್ಳಗೆ ಕಂಡಿತು ಅಂತ ಸೈಕಲ್ ಸೇರಿಸಿದ್ದು, ದಾಸವಾಳದ ಬೇಲಿ ಸೇರಿಸಿದ್ದು, ಗಾಯವೇ ಆಗದ ಬಲಗೈಗೆ ಗಾಯ ಮಾಡಿದ್ದು. "ನನಗೆ ಬರೆಯೋಕೆ ಬರುತ್ತೆ ಅಂತ ಗೊತ್ತಾಗಿದ್ದು ಆವತ್ತು. ಅದರ ದಂಡ ಕಟ್ಟಿದವರು ಅವರು. ಅವರ ತಂಗಿಯ ಮದುವೆಗೆ ಅವರು ಹೋಗಲಿಲ್ಲ. ಆಮೇಲೆ ನನ್ನ ಗೇಟಿಗೆ ಬಂದು ನನ್ನನ್ನೇ ಕ್ಷಮೆ ಕೇಳಿದ್ರು. ನಾನು ಪಾನಕ ಕೊಟ್ಟೆ." ಅವಳು ಕೊನೆಯ ಸಾಲಿನ ಹಿಂದಕ್ಕೆ ನೋಡಿದಳು. "ಔಸೇಪ್, ನೀವು ಆ ಕಾಗದ ಕಳೆದಿಲ್ಲ. ನಾನು ನಿಮ್ಮ ಕೈಗೆ ಕೊಟ್ಟೇ ಇರಲಿಲ್ಲ."

ಇನ್ನೂರು ತಲೆ ಹಿಂದಕ್ಕೆ ತಿರುಗಿದವು. ಕುರುಪ್‌ನದು ತಿರುಗಲಿಲ್ಲ. ಔಸೇಪ್ ಕೈ ಹಿಂದಿನಿಂದ ಮುಂದಕ್ಕೆ ತಂದು, ಒಂದು ಸಲ ಮುಖ ಒರೆಸಿಕೊಂಡ. ಏನಾದರೂ ಹೇಳುತ್ತೀರಾ ಎಂದು ಮಾಸ್ಟರ್ ಮೆಲ್ಲಗೆ ಕೇಳಿದರು. ಅವನು ಬೇಡ ಎಂದು ತಲೆಯಾಡಿಸಿದ. ಆಮೇಲೆ ಆ ಮುದುಕಿ ಮೊದಲು ಚಪ್ಪಾಳೆ ತಟ್ಟಿದಳು. ಅದು ದಾಕ್ಷಾಯಣಿಗೋ, ಔಸೇಪ್‌ಗೋ, ತಿಳಿಯುವ ಹಾಗಿರಲಿಲ್ಲ, ಏಕೆಂದರೆ ಆಕೆ ತಟ್ಟುತ್ತಿದ್ದದ್ದು ಹಿಂದಕ್ಕೆ ತಿರುಗಿಕೊಂಡು. ಸಭೆಯೆಲ್ಲ ಹಾಗೆಯೇ ತಟ್ಟಿತು. ದಾಕ್ಷಾಯಣಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳಿಗೆ ಸಂತೋಷವಾಯಿತು, ಹದಿನೇಳು ವರ್ಷದಲ್ಲಿ ಯಾವತ್ತೂ ಆಗದಷ್ಟು ಸಂತೋಷ. ಶಾಲು ಹೊದೆಸಿದರು, ಫಲಕ ಕೊಟ್ಟರು. ಇದು ನನ್ನದು ಎಂದು ಎರಡೂ ಕೈಯಿಂದ ಇಸಿದುಕೊಂಡಳು.

ಜನ ಕರಗುವ ಹೊತ್ತಿಗೆ ಆರೂವರೆಯಾಗಿತ್ತು. ಹುಡುಗಿಯರು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು, ಮುದುಕಿ ಬಂದು ಕೆನ್ನೆ ಸವರಿ ಏನೂ ಹೇಳದೆ ಹೋದಳು. ಎಲ್ಲರೂ ಹೋದ ಮೇಲೆ ಔಸೇಪ್ ಮೆಟ್ಟಿಲ ಬಳಿಗೆ ಬಂದ. ಕುರುಪ್ ಎರಡು ಮಾರು ದೂರದಲ್ಲಿ ಹೂವು ಹಿಡಿದೇ ನಿಂತಿದ್ದ. ಔಸೇಪ್‌ನ ಕಾಲುಗಳು ಅಧಿಕಾರಿಯ ಮುಂದೆ ನಿಲ್ಲುವ ಹಳೇ ರೂಢಿಯಲ್ಲಿ ತಾವಾಗಿಯೇ ಜೋಡಿಯಾದವು. ಆಮೇಲೆ ಬೇಕೆಂದೇ ಅವನು ಅವನ್ನು ಸಡಿಲ ಬಿಟ್ಟ.

"ಆವತ್ತು ಚೀಲ ಮೂರು ಸಲ ಕೊಡವಿದೆ ಮೇಡಮ್," ಎಂದ. "ಸೈಕಲ್ ಹೋದ ದಾರೀಲಿ ವಾಪಸ್ ನಡ್ಕೊಂಡು ಬಂದೆ, ಮೋರಿ ಎಲ್ಲ ನೋಡಿದೆ. ಆಮೇಲಾಮೇಲೆ ನೀವು ಕೊಟ್ಟ ಹಾಗೇ ನೆನಪಾಗೋಕೆ ಶುರುವಾಯ್ತು. ಎಡಗೈಯಲ್ಲಿ ತಗೊಂಡ ಹಾಗೆ. ನನ್ನ ತಲೇನೇ ಕೆಟ್ಟಿದ್ಯಾ ಅಂತ ಹೆದರಿಕೆ ಆಗ್ತಿತ್ತು."

"ನನ್ನಿಂದ ತಪ್ಪಾಯ್ತು."

"ಅದು ಹೇಳಿದ್ರಲ್ಲ, ಆಯ್ತು. ನನಗಾಗಿದ್ರೆ ಇಷ್ಟು ಸಾಕಿತ್ತು." ಅವನು ಕತ್ತು ತುರಿಸಿಕೊಂಡ. "ನನ್ನ ಹೆತ್ತ ಅಮ್ಮಚ್ಚಿ ಇನ್ನೂ ಇದಾಳೆ. ಕಾಗದ ಕಳೆದಿದ್ದಕ್ಕೆ ಯಾರಾದ್ರೂ ರಜೆ ಕೀಳ್ತಾರೇನೋ, ಕುಡಿದು ಎಲ್ಲೋ ಬಿದ್ದಿರ್ತೀಯ ಅಂತ ಆವತ್ತು ಅಂದೋಳು, ಇವತ್ತಿಗೂ ಅದೇ. ಅಪ್ಪ ಇರಲಿಲ್ಲ, ತಂಗೀನ ಇಗರ್ಜಿಗೆ ನಾನೇ ಕರ್ಕೊಂಡು ಹೋಗ್ಬೇಕಿತ್ತು. ಈಸ್ಟರ್ ಬಂದ್ರೆ ಸಾಕು, ನೆಂಟರ ಮುಂದೆ ಎತ್ತಿ ಆಡ್ತಾಳೆ. ನಾನು ಹೋಗಿ ಇಲ್ಲಿ ಹೀಗಾಯ್ತು ಅಂದ್ರೆ, ಇವತ್ತೂ ಕುಡ್ಕೊಂಡು ಬಂದಿದೀಯ ಅಂತಾಳೆ. ನೀವು ಹೇಳಿದ್ದನ್ನ ಬರೆದು ಕೊಡಿ. ಪೂರ್ತಿ. ಪಾದ್ರಿಗಳ ಕೈಲಿ ಓದಿಸ್ತೀನಿ."

"ಪಾದ್ರಿ ಓದಿದ್ರೆ ನಂಬ್ತಾರಾ?"

"ಪಾದ್ರಿ ಓದಿದ್ರೆ ಏನು ಬೇಕಾದ್ರೂ ನಂಬ್ತಾಳೆ." ಅವನು ಮೊದಲ ಸಲ ನಕ್ಕ. ಆಮೇಲೆ ಕುರುಪ್‌ನ ಕಡೆ ನೋಡಿ, ನಗುವನ್ನು ಹಾಗೆಯೇ ಇಟ್ಟುಕೊಂಡು ಹೇಳಿದ: "ಸಾರ್ ಕೂಡ ಕೆಳಗೆ ಸಹಿ ಹಾಕಿದ್ರೆ ಗಟ್ಟಿ. ಆವತ್ತಿನ ದೂರಿನ ಕಾಗದದಲ್ಲಿ ಸಾರ್ ಸಹಿ ಇತ್ತು. ಅಧಿಕಾರಿಗಳು ತೋರಿಸಿದ್ರು."

ದಾಕ್ಷಾಯಣಿ ಗಂಡನ ಮುಖ ನೋಡಲಿಲ್ಲ. ಅದು ಅವನು ದಾಟಬೇಕಾದ ನೀರು, ಅವಳು ದಾಟಿಸಲಾರಳು. ವೇದಿಕೆಯ ಮೇಜಿನ ಬಳಿ ಹೋಗಿ ಕೂತಳು. ಮಾಸ್ಟರ್ ಬಿಟ್ಟುಹೋದ ಭಾಷಣದ ಹಾಳೆಗಳ ಹಿಂಬದಿ ಖಾಲಿ ಇತ್ತು. ಪೆನ್ನಿನ ಮುಚ್ಚಳ ತೆಗೆದಳು. ಪೂಜ್ಯ ಅಮ್ಮಚ್ಚಿಯವರಿಗೆ, ಎಂದು ಶುರುಮಾಡಿದಳು. ನಿಮ್ಮ ಮಗ ಕುಡಿದಿರಲಿಲ್ಲ. ಆ ವಾಕ್ಯಕ್ಕೆ ಏನೂ ಸೇರಿಸಬೇಕು ಅನ್ನಿಸಲಿಲ್ಲ. ಬೇಲಿ, ಹೂವು, ಗಾಯ, ಏನೂ ಬೇಡ. ಹಾಗೆ ಬರೆಯುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ, ಇಷ್ಟು ಹಿತ ಎಂದೂ ಗೊತ್ತಿರಲಿಲ್ಲ. ಎರಡನೆಯ ವಾಕ್ಯ ಬಂತು, ಮೂರನೆಯದು ಬಂತು. ಔಸೇಪ್ ಕೊನೆಗೂ ಒಂದು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

ಕಾವಲುಗಾರ ಬಾಗಿಲಲ್ಲಿ ಬೀಗದ ಕೈ ಕುಲುಕಿದ. "ಏಳಾಗ್ತಾ ಬಂತು ಅಮ್ಮಾ. ಬಾಗಿಲು ಹಾಕ್ಬೇಕು. ಮನೆಗೆ ಹೋಗಿ ಬರೀಬಹುದಲ್ಲ."

ಅವಳ ಕೈ ಅರ್ಧ ಅಕ್ಷರದಲ್ಲಿ ನಿಂತಿತು. ಮೂವತ್ತು ವರ್ಷದಿಂದ ಹಾಗೆ ಯಾರಾದರೂ ಹೇಳಿದೊಡನೆ ನಿಲ್ಲುವ ಕೈ ಅದು.

"ಬರೀತಿದಾಳೆ," ಎಂದ ಕುರುಪ್. ಹಡಗಿನ ಮೇಲ್ಗಟ್ಟೆಯಿಂದ ಕೂಗುವ ದನಿಯಲ್ಲ. ಸಾಲಿನಲ್ಲಿ ನಿಂತವನು ಮುಂದಿನವನಿಗೆ ಹೇಳುವಂಥ ದನಿ. ಅವನು ಕೈಯ ಹೂವನ್ನು ಬೆಂಚಿನ ಮೇಲಿಟ್ಟು, ವೇದಿಕೆಯ ಮೆಟ್ಟಿಲು ಹತ್ತಿ ಬಂದು, ಅವಳ ಕುರ್ಚಿಯ ಹಿಂದೆ ನಿಂತ. "ಸ್ವಲ್ಪ ತಡಿಯಪ್ಪ. ಅವಳದು ಮುಗೀಲಿ. ಆಮೇಲೆ ಆ ಪೆನ್ನು ನನಗೂ ಬೇಕು."

ಕಾವಲುಗಾರ ಗೊಣಗುತ್ತ ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದ. ದಾಕ್ಷಾಯಣಿ ತಲೆಯೆತ್ತಲಿಲ್ಲ. ನಿಂತಿದ್ದ ಅಕ್ಷರವನ್ನು ಪೂರ್ತಿ ಮಾಡಿ, ಮುಂದಿನ ಹಾಳೆ ತೆಗೆದು, ಬರೆಯುತ್ತಲೇ ಹೋದಳು.